ಗ್ಯಾಸ್ ಮಾತ್ರೆಗೆ ಕಾರಣ ಬರೆದವರಿಗೆಲ್ಲ ವಂದನೆ

ದಾವಣಗೆರೆಯ ನಮ್ಮ ಆಸ್ಪತ್ರೆಯ ಮೆಡಿಸಿನ್ ವಾರ್ಡುಗಳಲ್ಲಿ ಆಮ್ಲ ತಗ್ಗಿಸುವ ಔಷಧಿಗಳ (ಜನ 'ಗ್ಯಾಸ್ ಮಾತ್ರೆ' ಎನ್ನುವುದು ಇವನ್ನೇ) ಪರಿಶೀಲನೆ ಈ ವಾರ ಮುಗಿಯಿತು. ಕೈಜೋಡಿಸಿದ ಎಲ್ಲರಿಗೂ ಕ್ಲಿನಿಕಲ್ ಫಾರ್ಮಸಿ ತಂಡದ ಮನಃಪೂರ್ವಕ ಕೃತಜ್ಞತೆ.

ಮೊದಲ ವಂದನೆ ಸಿಸ್ಟರ್‌ಗಳಿಗೆ. ಊಟ ಹೊಟ್ಟೆಗೆ ಬಿದ್ದಾಗ ಆಮ್ಲ ಸುರಿಸುವ ಪಂಪುಗಳು ಎಚ್ಚರವಾಗುತ್ತವೆ. ಪ್ಯಾಂಟೊಪ್ರಜೋಲ್ ಎಂಬ ಗ್ಯಾಸ್ ಮಾತ್ರೆ ಹಿಡಿದು ನಿಲ್ಲಿಸುವುದು ಹಾಗೆ ಎಚ್ಚರವಾದ ಪಂಪುಗಳನ್ನು ಮಾತ್ರ. ಅದಕ್ಕೇ ಮಾತ್ರೆ ತಿಂಡಿಗೆ ಅರ್ಧ ಗಂಟೆ ಮೊದಲು ಬೇಕು. ತಿಂಡಿಯ ನಂತರದ ಟ್ರೇಯಲ್ಲಿದ್ದ ಈ ಮಾತ್ರೆಯನ್ನು ನೀವು ಬೆಳಗಿನ ಬಿಪಿ ನೋಡುವ ಹೊತ್ತಿಗೆ ತಂದಿರಿ. ಮೂಗಿನ ನಳಿಕೆ ಇದ್ದವರಿಗೆ ಪುಡಿ ಮಾಡುವ ಮುನ್ನ ಕೇಳಿದಿರಿ. ಪುಡಿ ಮಾಡಿದರೆ ಮಾತ್ರೆಯ ಮೇಲಿನ ಲೇಪ ಒಡೆದು, ಔಷಧಿ ಹೊಟ್ಟೆಯ ಆಮ್ಲದಲ್ಲೇ ಹಾಳಾಗುತ್ತದೆ, ನಳಿಕೆಯೂ ಕಟ್ಟಿಕೊಳ್ಳುತ್ತದೆ. ಇಂಜೆಕ್ಷನ್ ಆದರೆ 40 ಮಿ.ಗ್ರಾಂ ವಯಲ್‌ಗೆ 10 ಮಿ.ಲೀ. ನಾರ್ಮಲ್ ಸಲೈನ್ ಬೆರೆಸಿ, ಕನಿಷ್ಠ 2 ನಿಮಿಷ ನಿಧಾನವಾಗಿ ಕೊಟ್ಟಿರಿ.

ಪಿಜಿ ಡಾಕ್ಟರುಗಳೇ, ಡ್ರಿಪ್ ಹಾಕಿದವರಿಗೆಲ್ಲ ಗ್ಯಾಸ್ ಇಂಜೆಕ್ಷನ್ ಬರೆಯುವ ರೂಢಿ ಹಳೆಯದು. ಅದನ್ನು ಬಿಟ್ಟು ಕೇಸ್ ಶೀಟಿನಲ್ಲಿ ಹೊಟ್ಟೆಯ ರಕ್ತಸ್ರಾವದ ಅಪಾಯ ಹೆಚ್ಚಿಸುವ ಕಾರಣ ಬರೆದಿರಿ: 48 ಗಂಟೆ ಮೀರಿದ ವೆಂಟಿಲೇಟರ್, ಪ್ಲೇಟ್‌ಲೆಟ್ 50,000ಕ್ಕಿಂತ ಕಡಿಮೆ, ಹಿಂದೆ ಹೊಟ್ಟೆಯಲ್ಲಿ ರಕ್ತಸ್ರಾವ ಆಗಿತ್ತು, ಹೀಗೆ. ಕಾರಣವಿಲ್ಲದಿದ್ದರೆ ಲಾಭವಿಲ್ಲ, ಕರುಳಿನ ಸೋಂಕಿನ ಭೇದಿಯ ಅಪಾಯ ಮಾತ್ರ ಏರುತ್ತದೆ. ಊಟ ಮಾಡುತ್ತಿರುವ ರೋಗಿಗೆ ಇಂಜೆಕ್ಷನ್ ನಿಲ್ಲಿಸಿ ಮಾತ್ರೆಗೆ ಬದಲಿಸಿದ್ದಕ್ಕೂ ಧನ್ಯವಾದ. ಕೈಯ ಸೂಜಿ ಬೇಗ ತೆಗೆದಷ್ಟೂ ಒಳ್ಳೆಯದು.

ಹೃದಯ ವಿಭಾಗದವರಿಗೆ ವಿಶೇಷ ಋಣಿ. ರಕ್ತ ಹೆಪ್ಪುಗಟ್ಟದಂತೆ ಕೊಡುವ ಕ್ಲೊಪಿಡೊಗ್ರೆಲ್‌ಗೆ ಜೀವ ಬರುವುದು ಯಕೃತ್ತಿನ ಕಿಣ್ವದಿಂದ. ಆ ಕಿಣ್ವವನ್ನೇ ಇನ್ನೊಂದು ಗ್ಯಾಸ್ ಮಾತ್ರೆ ಒಮೆಪ್ರಜೋಲ್ ತಡೆಯುತ್ತದೆ, ಎಸೊಮೆಪ್ರಜೋಲ್ ಕೂಡ. ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕಿಸಿಕೊಂಡವರಿಗೆ ಇದು ಸಣ್ಣ ವಿಷಯವಲ್ಲ. ನಾವು ಚೀಟಿ ಇಟ್ಟಲ್ಲೆಲ್ಲ ಪ್ಯಾಂಟೊಪ್ರಜೋಲ್‌ಗೆ ಬದಲಿಸಿದಿರಿ.

ಜಗಳೂರು, ಚನ್ನಗಿರಿ ಕಡೆಯಿಂದ ಬಂದ ಮನೆಯವರೇ, ಮನೆಯ ಮಾತ್ರೆಗಳನ್ನೆಲ್ಲ ಕವರಿನಲ್ಲಿ ತಂದು ಮಂಚದ ಮೇಲೆ ಸುರಿದಿರಲ್ಲ, ಅದರಿಂದ ಆದ ಉಪಕಾರ ದೊಡ್ಡದು. ಎರಡು ಕಂಪನಿ ಹೆಸರಿನಲ್ಲಿ ಒಂದೇ ಔಷಧಿ ಇದ್ದದ್ದು ಅಲ್ಲೇ ಸಿಕ್ಕಿತು. ಥೈರಾಯ್ಡ್ ಮಾತ್ರೆ, ಕಬ್ಬಿಣದ ಮಾತ್ರೆ ಮೈಗೆ ಸರಿಯಾಗಿ ಹತ್ತದಿರುವುದಕ್ಕೂ ಆಮ್ಲ ತಗ್ಗಿರುವುದು ಕಾರಣವಾಗಬಹುದು. ವರ್ಷಗಟ್ಟಲೆ ನುಂಗಿದವರಲ್ಲಿ ಮೆಗ್ನೀಷಿಯಂ, ಬಿ12 ಕುಸಿಯಬಹುದು. ಲ್ಯಾಬಿನವರು ಬೇಸರವಿಲ್ಲದೆ ನೋಡಿಕೊಟ್ಟರು.

ಡಿಸ್ಚಾರ್ಜ್ ಚೀಟಿಯಲ್ಲಿ 'ಇಷ್ಟು ವಾರ, ಆಮೇಲೆ ನಿಲ್ಲಿಸಿ' ಎಂದು ಕನ್ನಡದಲ್ಲೇ ಬರೆದ ಹಿರಿಯ ವೈದ್ಯರಿಗೆ ನಮಸ್ಕಾರ. ತಿಂಗಳುಗಟ್ಟಲೆ ತೆಗೆದುಕೊಂಡವರು ಥಟ್ಟನೆ ಬಿಟ್ಟರೆ ಆಮ್ಲ ಮೊದಲಿಗಿಂತ ಹೆಚ್ಚು ಉಕ್ಕಿ, ರೋಗವೇ ಮರಳಿತೆಂದು ಮತ್ತೆ ಅಂಗಡಿಗೆ ಹೋಗುತ್ತಾರೆ. ಅಂಥವರಿಗೆ 40 ಮಿ.ಗ್ರಾಂನಿಂದ 20ಕ್ಕೆ ಇಳಿಸಿ, ಆಮೇಲೆ ದಿನ ಬಿಟ್ಟು ದಿನ ಎಂದು ಬಿಡಿಸಿ ಬರೆದಿದ್ದೀರಿ. ಅದೇ ನಮೂನೆಯನ್ನು ಸರ್ಜರಿ ವಾರ್ಡಿನವರೂ ಈಗ ಕೇಳಿ ಪಡೆದಿದ್ದಾರೆ.