ಅಣ್ಣಾ, ಇನ್ನೊಂದು ಸುತ್ತು!

ದಸರಾ ಹತ್ತಿರ ಬಂತು. ಅಲ್ಲಿ ಮಡಿಕೇರಿಯಲ್ಲಿ ನಾಲ್ಕು ಮಾರಿಯಮ್ಮ ದೇವಸ್ಥಾನಗಳ ಕರಗ, ಹತ್ತು ಮಂಟಪಗಳ ತಯಾರಿ. ಇಲ್ಲಿ ಅಮೆರಿಕದ ಮಿನಿಸೋಟದಲ್ಲಿ ನಮ್ಮ ದಸರಾ ಸಮಿತಿಯವರು ಹಾಲ್ ಬಾಡಿಗೆ, ಊಟ, ಮಕ್ಕಳ ಆಟ ಅಂತ ಲೆಕ್ಕ ಹಾಕುತ್ತಿದ್ದಾರೆ. ಮಕ್ಕಳ ಆಟ ಅಂದರೆ ಪ್ರತಿ ವರ್ಷ ಅದೇ ಗಾಳಿ ತುಂಬಿದ ರಬ್ಬರ್ ಕೋಟೆ. ಈ ಸಲ ಸಮಿತಿಯ ಮುಂದೆ ನನ್ನದೊಂದು ಬೇಡಿಕೆ ಇದೆ: ಜಾತ್ರೆಯಲ್ಲಿ ಇರುತ್ತಿತ್ತಲ್ಲ, ಅಂಥ ತಿರುಗುವ ಆಟ ಬೇಕು. ಅದು ಯಾಕೆ ಅಂತ ಗೊತ್ತಾಗಬೇಕಾದರೆ ಕುಶಾಲನಗರದ ಜಾತ್ರೆಯಿಂದ ಶುರು ಮಾಡಬೇಕು.

ಕೊಡಗಿನಲ್ಲಿ ಸಪಾಟು ಜಾಗ ಸಿಗುವುದೇ ಕಷ್ಟ. ಗದ್ದೆ ಬಿಟ್ಟರೆ ಉಳಿದದ್ದೆಲ್ಲ ಏರು, ಇಳಿಜಾರು, ಇಲ್ಲಾ ತೋಟ. ದೊಡ್ಡ ತೊಟ್ಟಿಲು, ಅಂದರೆ ಜೈಂಟ್ ವೀಲ್, ನಿಲ್ಲಿಸಬೇಕಾದರೆ ನೆಲ ಗಟ್ಟಿಯಾಗಿರಬೇಕು, ಸಮವಾಗಿಯೂ ಇರಬೇಕು. ಕಾವೇರಿ ದಂಡೆಯ ಕುಶಾಲನಗರದಲ್ಲಿ ಅಂಥ ನೆಲ ಇದೆ. ಬೆಟ್ಟ ಇಳಿದು ಬಯಲು ಶುರುವಾಗುವುದೇ ಅಲ್ಲಿ. ಗಣಪತಿ ದೇವಸ್ಥಾನದ ರಥೋತ್ಸವ, ಜೊತೆಗೆ ದನಗಳ ಜಾತ್ರೆ. ಮಳೆ ನಿಂತು, ದೀಪಾವಳಿ ಮುಗಿದು, ಕಾಫಿ ಕೊಯ್ಲು ಜೋರಾಗುವ ಮುಂಚಿನ ದಿನಗಳು. ಜೂನ್‌ನಿಂದ ಕೊಡೆ, ಗೊರಬೆ (ಮಳೆಗೆ ತಲೆ ಮೇಲಿಂದ ಹೊದೆಯುವ ಹೊದಿಕೆ), ಒದ್ದೆ ಬಟ್ಟೆ ಅಂತ ಮನೆಯೊಳಗೇ ಇದ್ದ ಮಕ್ಕಳಿಗೆ ಆ ಮೈದಾನ ಅಂದರೆ ಸ್ವರ್ಗ. ತೋಟದ ಸಾಹುಕಾರರ ಮಕ್ಕಳು, ತೋಟದ ಕಾರ್ಮಿಕರ ಲೈನ್ ಮನೆ ಮಕ್ಕಳು, ಪಕ್ಕದ ಬೈಲಕುಪ್ಪೆಯ ಟಿಬೆಟನ್ ಹುಡುಗರು, ಎಲ್ಲರೂ ಒಂದೇ ಸಾಲಿನಲ್ಲಿ ನಿಲ್ಲುತ್ತಿದ್ದರು.

ಆಗಿನ ತಿರುಗುವ ಆಟಗಳನ್ನು ನೆನಪು ಮಾಡಿಕೊಳ್ಳಿ. ಚಿಕ್ಕವರಿಗೆ ಮರದ ಕುದುರೆ. ಸ್ವಲ್ಪ ಧೈರ್ಯ ಬಂದವರಿಗೆ ದೊಡ್ಡ ತೊಟ್ಟಿಲು. ಟೋರಾ ಟೋರಾ, ಬ್ರೇಕ್ ಡ್ಯಾನ್ಸ್ ಅನ್ನುವ ಯಂತ್ರದ ಆಟಗಳು ಆಮೇಲೆ ಬಂದವು. ನನ್ನ ಮನಸ್ಸು ನಿಲ್ಲುವುದು ಮಾತ್ರ ಕೈಯಲ್ಲಿ ತಿರುಗಿಸುವ ಸಣ್ಣ ತೊಟ್ಟಿಲ ಹತ್ತಿರ. ನಾಲ್ಕೇ ಪೆಟ್ಟಿಗೆ, ಬಣ್ಣ ಹೋದ ಹಲಗೆ, ಮುಂದೆ ಅಡ್ಡಕ್ಕೊಂದು ಕಬ್ಬಿಣದ ಸರಳು. ಮೋಟಾರು ಇಲ್ಲ, ಎಂಜಿನ್ ಇಲ್ಲ. ತಿರುಗಿಸುವವನು ಮರದ ತೋಳು ಹಿಡಿದು ಮೇಲೆ ಹತ್ತುತ್ತಿದ್ದ, ಇಳಿಯುವ ಕಡೆಗೆ ಜೋತುಬಿದ್ದು ತನ್ನ ಮೈಭಾರದಿಂದಲೇ ಚಕ್ರವನ್ನು ಎಳೆಯುತ್ತಿದ್ದ. ನೆಲ ಹತ್ತಿರ ಬಂದ ಕೂಡಲೇ ಹಾರಿ ಇಳಿದು, ಮುಂದಿನ ತೋಳು ಹಿಡಿಯುತ್ತಿದ್ದ. ಬರಿಗಾಲು, ಮಡಚಿ ಕಟ್ಟಿದ ಲುಂಗಿ. ಅಚ್ಚಿಗೆ ಎಣ್ಣೆ ಕಡಿಮೆಯಾದರೆ ಚಕ್ರ ಕಿರ್ರೋ ಅನ್ನುತ್ತಿತ್ತು. ಆಟ ನಿಲ್ಲಿಸಿ, ಡಬ್ಬಿಯಿಂದ ಎಣ್ಣೆ ಬಿಟ್ಟು, ಒಂದು ಸುತ್ತು ಖಾಲಿ ತಿರುಗಿಸಿ ನೋಡಿಯೇ ಮತ್ತೆ ಜನ ಹತ್ತಿಸುತ್ತಿದ್ದ.

ಜನ ಹತ್ತಿಸುವುದೂ ಸುಮ್ನೆ ಅಲ್ಲ. ಒಂದೇ ಕಡೆ ಭಾರ ಬಿದ್ದರೆ ಚಕ್ರ ಎಳೆಯೋಕೆ ಆಗುವುದಿಲ್ಲ, ನಿಲ್ಲಿಸುವುದು ಇನ್ನೂ ಕಷ್ಟ. ಅದಕ್ಕೆ ಎದುರುಬದುರು ಪೆಟ್ಟಿಗೆಗಳಲ್ಲಿ ತೂಕ ಸರಿಹೋಗಬೇಕು. "ದೊಡ್ಡಮ್ಮ, ನೀವು ಇಲ್ಲಿ. ಏ ಪುಟ್ಟ, ನೀವು ಮೂರೂ ಜನ ಆ ಕಡೆ." ತಕ್ಕಡಿ ಇಲ್ಲದೆ, ಕಣ್ಣಲ್ಲೇ ತೂಗುತ್ತಿದ್ದ. ಯಾರ ಮುಖ ಸಪ್ಪಗಾಯಿತು, ಯಾವ ಮಗು ಅಳೋದಕ್ಕೆ ಶುರು ಮಾಡಿತು ಅಂತಲೂ ಅದೇ ಕಣ್ಣು ನೋಡುತ್ತಿತ್ತು. ಹೆದರಿದವರನ್ನು ಬೇಗ ಇಳಿಸುತ್ತಿದ್ದ. "ಅಣ್ಣಾ, ಇನ್ನೊಂದು ಸುತ್ತು!" ಅಂತ ಕೂಗಿದವರಿಗೆ ಸಾಲು ಉದ್ದ ಇಲ್ಲದಿದ್ದರೆ ಒಂದು ಸುತ್ತು ಜಾಸ್ತಿ.

ಈ ಆಟ ಎಷ್ಟು ಹಳೆಯದು ಅಂತೀರಿ? ಪೀಟರ್ ಮಂಡಿ ಅನ್ನುವ ಇಂಗ್ಲಿಷ್ ಪ್ರವಾಸಿ 1620ರಲ್ಲಿ ಈಗಿನ ಬಲ್ಗೇರಿಯಾದ ಪ್ಲೊವ್ಡಿವ್ ಊರಿನಲ್ಲಿ ಇಂಥದೇ ಮರದ ಚಕ್ರ ನೋಡಿ ಬರೆದಿಟ್ಟಿದ್ದಾನೆ. ಜಾರ್ಜ್ ಫೆರಿಸ್ ಶಿಕಾಗೋದಲ್ಲಿ 264 ಅಡಿ ಎತ್ತರದ ಉಕ್ಕಿನ ಚಕ್ರ ನಿಲ್ಲಿಸಿದ್ದು 1893ರಲ್ಲಿ. 36 ಡಬ್ಬಿ, ಒಂದೊಂದರಲ್ಲಿ 60 ಜನ. ಎತ್ತರ, ಗಾತ್ರ ಎಲ್ಲ ಅವನದೇ ಸಾಧನೆ. ಆದರೆ ಕೂತು ಸುತ್ತುವ ಆ ಖುಷಿ ಅವನಿಗಿಂತ ಎಷ್ಟೋ ಮುಂಚಿನದು.

ಇನ್ನು ನಮ್ಮ ಈ ಮಿನಿಸೋಟದ ಕಥೆ. ಇಲ್ಲಿಂದ ದಕ್ಷಿಣಕ್ಕಿರುವ ಫ್ಯಾರಿಬೋ ಪಟ್ಟಣದಲ್ಲಿ ಹರ್ಬರ್ಟ್ ಸೆಲ್ನರ್ ಅನ್ನುವವರು 1926ರಲ್ಲಿ 'ಟಿಲ್ಟ್-ಎ-ವರ್ಲ್' ಕಂಡುಹಿಡಿದರು. ಮರುವರ್ಷ ಅದು ಮಿನಿಸೋಟ ಸ್ಟೇಟ್ ಫೇರ್‌ಗೆ ಬಂತು. ಏರಿಳಿತದ ಹಾಸಿನ ಮೇಲೆ ಏಳು ಗಾಡಿ. ಹಾಸು ಒಂದೇ ವೇಗದಲ್ಲಿ ಸುತ್ತುತ್ತದೆ, ಗಾಡಿಗಳು ಮಾತ್ರ ತಮ್ಮ ಗೂಟದ ಸುತ್ತ ಇಷ್ಟ ಬಂದ ಹಾಗೆ ತಿರುಗುತ್ತವೆ. ಗಾಡಿಗೆ ಬೇರೆ ಮೋಟಾರು ಇಲ್ಲ. ಯಾರು ಎಷ್ಟು ಭಾರ, ಯಾವ ಕಡೆ ವಾಲಿ ಕೂತಿದ್ದಾರೆ ಅನ್ನುವುದರ ಮೇಲೆ ಅದರ ಓಟ. ಕಾಟ್ಜ್ ಮತ್ತು ಹಗ್ಗರ್ಡ್ ಅನ್ನುವ ಇಬ್ಬರು ಇದರ ಗಣಿತ ಬಿಡಿಸಿ 1994ರಲ್ಲಿ ಭೌತವಿಜ್ಞಾನದ ಪತ್ರಿಕೆಯಲ್ಲಿ ಬರೆದರು. ಮುಂದಿನ ಸುತ್ತಿನಲ್ಲಿ ಗಾಡಿ ಎತ್ತ ತಿರುಗುತ್ತದೆ ಅಂತ ಮುಂಚೆಯೇ ಹೇಳೋದಕ್ಕೆ ಆಗುವುದಿಲ್ಲ ಅನ್ನುವುದು ಅದರ ಸಾರ. ಅಂದರೆ ಒಬ್ಬರಿಗೆ ಸಿಕ್ಕ ಸುತ್ತು ಇನ್ನೊಬ್ಬರಿಗೆ ಸಿಗುವುದಿಲ್ಲ.

ನನಗೆ ಹಳೆಯ ಆಟಗಳ ಮೇಲೆ ಇಷ್ಟು ಪ್ರೀತಿ ಇರುವುದು ಇದೇ ಕಾರಣಕ್ಕೆ. ಈಗಿನ ದೊಡ್ಡ ಪಾರ್ಕುಗಳಲ್ಲಿ ಎದೆಗೆ, ತೊಡೆಗೆ ಪಟ್ಟಿ ಬಿಗಿದು ಕೂರಿಸುತ್ತಾರೆ. ಗುಂಡಿ ಒತ್ತಿದರೆ ಎಲ್ಲರಿಗೂ ಅದೇ ಓಟ, ಅಷ್ಟೇ ಸೆಕೆಂಡು. ಎತ್ತರ ಇದೆ, ವೇಗ ಇದೆ, ಅದು ಇಷ್ಟಪಡುವವರಿಗೆ ಸಂತೋಷವೇ. ಆದರೆ ಕೂತವರ ಭಾರ, ನಗು, ಕಿರುಚಾಟ ಯಾವುದಕ್ಕೂ ಆ ಯಂತ್ರ ಓಗೊಡುವುದಿಲ್ಲ. ಜಾತ್ರೆಯ ತೊಟ್ಟಿಲು ಓಗೊಡುತ್ತಿತ್ತು, ಯಾಕೆಂದರೆ ಪಕ್ಕದಲ್ಲೇ ಒಬ್ಬ ಮನುಷ್ಯ ಇದ್ದ. ಅದು ಹೇಗೆ ಕೆಲಸ ಮಾಡುತ್ತದೆ ಅನ್ನುವುದೂ ಮಕ್ಕಳ ಕಣ್ಣಿಗೆ ಕಾಣುತ್ತಿತ್ತು. ಅಚ್ಚು, ಎಣ್ಣೆ, ತೂಕ, ತೋಳು ಎಲ್ಲ ಎದುರಿಗೇ.

ಹಾಗಾಗಿ ಸಮಿತಿಯವರಿಗೆ ನನ್ನ ಬೇಡಿಕೆ: ಈ ದಸರಾಕ್ಕೆ ರಬ್ಬರ್ ಕೋಟೆ ಬೇಡ. ಅದರ ಬದಲು ತಿರುಗುವ ಆಟ ಒಂದನ್ನು ತರಿಸೋಣ, ಚಿಕ್ಕ ಕುದುರೆಯಾದರೂ ಸರಿ. ಹಳೆಯದು ಅಂತ ಸುರಕ್ಷತೆ ಬಿಡೋ ಹಾಗಿಲ್ಲ. ತಪಾಸಣೆ ಆಗಿರಬೇಕು, ವಿಮೆ ಇರಬೇಕು, ನಡೆಸುವವರು ಅನುಭವಸ್ಥರಾಗಿರಬೇಕು. ಖರ್ಚು ಸ್ವಲ್ಪ ಜಾಸ್ತಿ ಬೀಳುತ್ತದೆ, ಅದಕ್ಕೆ ಮೊದಲ ದೇಣಿಗೆ ನನ್ನದು. ದೊಡ್ಡವರೂ ಹತ್ತಬೇಕು. ತಲೆ ಸುತ್ತಿದರೆ ಗಾಬರಿ ಬೇಡ. ಕಿವಿಯೊಳಗಿನ ದ್ರವ ಆಟ ನಿಂತ ಮೇಲೂ ಸ್ವಲ್ಪ ಹೊತ್ತು ಓಡುತ್ತಿರುತ್ತದೆ, ಅಷ್ಟೆ. ಪಕ್ಕದವರ ಭುಜ ಹಿಡಿದು ನಿಂತರೆ ಸರಿಹೋಗುತ್ತದೆ.

ಓದುಗರಿಗೂ ಒಂದು ಕೋರಿಕೆ. ನಮ್ಮ ಪತ್ರಿಕೆಯ ಮುಂದಿನ ಸಂಚಿಕೆಯ ನಡುಪುಟಗಳನ್ನು ಜಾತ್ರೆಯ ಆಟಗಳಿಗೆ ಬಿಟ್ಟಿದ್ದೇವೆ. ಕುಶಾಲನಗರ, ಗೋಣಿಕೊಪ್ಪ, ಮಡಿಕೇರಿ, ನಿಮ್ಮ ಊರು ಯಾವುದೇ ಇರಲಿ, ಹಳೆಯ ಆಲ್ಬಮ್ ತೆಗೆದು ನೋಡಿ. ಊರಲ್ಲಿರುವ ಅಜ್ಜ ಅಜ್ಜಿಗೆ ಫೋನ್ ಮಾಡಿ ಕೇಳಿ, ಅವರು ಹೇಳಿದ್ದನ್ನು ಹಾಗೇ ರೆಕಾರ್ಡ್ ಮಾಡಿ ಕಳಿಸಿದರೂ ಸಾಕು, ಬರೆದುಕೊಳ್ಳುವ ಕೆಲಸ ನಮ್ಮದು. ಮುಖ್ಯವಾಗಿ ಬೇಕಿರುವುದು ಕೈಯಲ್ಲಿ ತಿರುಗಿಸುವ ಮರದ ತೊಟ್ಟಿಲ ಫೋಟೋ. ಅದನ್ನು ತಿರುಗಿಸುತ್ತಿದ್ದವರು ಯಾರು, ಯಾವ ಊರಿಂದ ಬರುತ್ತಿದ್ದರು ಅಂತ ಯಾರಿಗಾದರೂ ಗೊತ್ತಿದ್ದರೆ ದಯವಿಟ್ಟು ಅದನ್ನೂ ಬರೆದು ಕಳಿಸಿ.