ಗೊಜ್ಜಿಗೊಂದು ಪತ್ರ: ನಲವತ್ತೇಳನೇ ನಂಬರಿನ ಕಲ್ಲು

ಪ್ರೀತಿಯ ಗೊಜ್ಜು,

ಮೊನ್ನೆ ರಾತ್ರಿ ಫೋನಿನಲ್ಲಿ ನೀನು ಕೇಳಿದ್ದಕ್ಕೆ ನಾನು ಉತ್ತರ ಕೊಡಲಿಲ್ಲ. ಮಳೆ ಜೋರು, ಸಿಗ್ನಲ್ ಇಲ್ಲ ಅಂತ ಇಟ್ಟುಬಿಟ್ಟೆ. ಪುನರ್ವಸು ಮಳೆ ಹಿಡಿದಿದ್ದು ನಿಜ. ಸಿಗ್ನಲ್ ಮಾತ್ರ ಚೆನ್ನಾಗೇ ಇತ್ತು. ಅದಕ್ಕೇ ಈಗ ಬರೆಯುತ್ತಿದ್ದೇನೆ. ನಮ್ಮ ಸಹ್ಯಾದ್ರಿ ಕಾಲೇಜಿನ ಕಡೇ ಬೆಂಚಿನವರೆಲ್ಲ ಇದನ್ನೇ ಕೇಳುತ್ತಿದ್ದಾರೆ, ಅವರೂ ಓದಿಕೊಳ್ಳಲಿ.

"ನೀನೂ ಊರು ಬಿಟ್ಟರೆ ನಾವು ಎಲ್ಲಿಗೆ ಬರೋದು ಮಾರಾಯ?" ಅಂದೆಯಲ್ಲ, ಆ ಮಾತು ಮೂರು ದಿನದಿಂದ ತಲೆಯಲ್ಲಿ ಕೂತಿದೆ.

ಮೊದಲು ನಾನು ಸೈಟು ತಗೊಳ್ಳೋಕೆ ಯೋಚಿಸ್ತಿರೋ ಲೇಔಟಿನ ವಿಷಯ ಹೇಳಿಬಿಡ್ತೇನೆ. ಭದ್ರಾವತಿ ರಸ್ತೆಯಲ್ಲಿ, ಸೋಗಾನೆ ವಿಮಾನ ನಿಲ್ದಾಣದ ಕಡೆಗೆ ಇರೋದು. 2023ರ ಫೆಬ್ರವರಿಯಲ್ಲಿ ನಿಲ್ದಾಣದ ಉದ್ಘಾಟನೆ ಆಯ್ತಲ್ಲ, ಆಮೇಲೆ ಆ ಸುತ್ತಿನ ಗದ್ದೆಗಳಲ್ಲಿ ಸೈಟಿನ ಕಲ್ಲು ಏಳುತ್ತಲೇ ಇವೆ. ನಾನು ನೋಡಿದ್ದಕ್ಕೆ ಸೂಡಾ, ಅಂದರೆ ನಗರಾಭಿವೃದ್ಧಿ ಪ್ರಾಧಿಕಾರದ ಅನುಮೋದನೆ ಇದೆ. ಮೂವತ್ತು ನಲವತ್ತರ ಸೈಟು. ಡಾಂಬರು ರಸ್ತೆ, ಚರಂಡಿ, ನೀರಿನ ಟ್ಯಾಂಕು ಎಲ್ಲ ಮುಗಿದಿದೆ. ಮನೆಗಳು ಮಾತ್ರ ಹನ್ನೊಂದು, ಅದರಲ್ಲೂ ದೀಪ ಹತ್ತೋದು ಆರರಲ್ಲಿ. ಇರೋರೆಲ್ಲ ನನ್ನಂಥವರೇ. ಬೆಳಿಗ್ಗೆ ಮಾಚೇನಹಳ್ಳಿಯ ಕಾರ್ಖಾನೆಗಳಿಗೋ ಭದ್ರಾವತಿಗೋ ಶಿವಮೊಗ್ಗದ ಆಫೀಸುಗಳಿಗೋ ಹೊರಟು ಕತ್ತಲಾದ ಮೇಲೆ ಬರೋರು. ಅಲ್ಲಿಂದ ನಮ್ಮ ಫೌಂಡ್ರಿಗೆ ಹತ್ತು ನಿಮಿಷ.

ಈಗ ನನ್ನ ದಿನ ಹೇಗಿದೆ ಗೊತ್ತಲ್ಲ. ಆರೂವರೆ ಶಿಫ್ಟಿಗೆ ನಾಲ್ಕೂಮುಕ್ಕಾಲಿಗೆ ಮನೆ ಬಿಡಬೇಕು. ಆಯನೂರಿನವರೆಗೆ ಕಾಡುದಾರಿ. ಅಲ್ಲಿಂದ ಹೈವೇ. ಆಮೇಲೆ ಇಡೀ ಶಿವಮೊಗ್ಗ ದಾಟಿ ಆಚೆ ಬದಿಗೆ ಹೋಗಬೇಕು. ಹೋಗೋಕೆ 45 ಕಿಲೋಮೀಟರ್, ಬರೋಕೆ 45. ಕಾಡುಹಂದಿ ಅಡ್ಡ ಬಂದು ನಾನು ಬಿದ್ದ ದಿನದಿಂದ ನನ್ನ ಹೆಂಡತಿ ಬೈಕಿನ ಸದ್ದು ಕೇಳೋವರೆಗೂ ಜಗಲಿ ಬಿಟ್ಟು ಒಳಗೆ ಹೋಗಲ್ಲ. ಮಗಳು ಬಸ್ಸಿಗೆ ಮೂರು ಕಿಲೋಮೀಟರ್ ನಡೀತಾಳೆ. ಆನೆ ಬಂದಿದೆ ಅಂತ ಸುದ್ದಿ ಬಂದ ದಿನ ಶಾಲೆಗೆ ರಜೆ ಹಾಕಿ ಮನೆಯಲ್ಲಿ ಕೂರ್ತಾಳೆ. ಹೋದ ವರ್ಷ ಹಾಗೆ ಹದಿನೇಳು ದಿನ ಕೂತಳು. ಏಳನೇ ಕ್ಲಾಸಿನ ಹುಡುಗಿ, ಆ ದಿನಗಳನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ ಇಟ್ಟಿದ್ದಾಳೆ.

ಇಷ್ಟೇ ಆಗಿದ್ದರೆ ಯೋಚನೆ ಮಾಡೋಕೇ ಏನೂ ಇರಲಿಲ್ಲ.

ಇನ್ನೊಂದು ವಿಷಯ ಯಾರಿಗೂ ಹೇಳಿಲ್ಲ. ಮೂರು ತಿಂಗಳಿಂದ ನಾನು ಶಿಫ್ಟ್ ಮುಗಿಸಿ ನೇರ ಮನೆಗೆ ಹೋಗ್ತಿಲ್ಲ. ಆ ಲೇಔಟಿಗೆ ಹೋಗ್ತೇನೆ. ಕೊನೇ ಸಾಲಿನಲ್ಲಿ 47 ಅಂತ ಕೆಂಪು ಬಣ್ಣದಲ್ಲಿ ಬರೆದ ಕಲ್ಲಿದೆ. ಅದರ ಪಕ್ಕ ಬೈಕು ನಿಲ್ಲಿಸಿ ಅರ್ಧ ಗಂಟೆ ಕೂರ್ತೇನೆ. ಮನೆಯಲ್ಲಿ ಓವರ್‌ಟೈಮ್ ಅಂದಿದ್ದೇನೆ. ಒಮ್ಮೊಮ್ಮೆ ವಿಮಾನ ಇಳಿಯೋದು ಕಾಣುತ್ತೆ. ಹಿಂದೆ ನಾಲೆ ಇದೆ, ನಾಲೆಯಾಚೆ ಇನ್ನೂ ಗದ್ದೆ ಉಳಿದಿದೆ. ಬೇರೆ ನೋಡೋಕೆ ಏನೂ ಇಲ್ಲ ಅಲ್ಲಿ. ಆದರೂ ಎದ್ದು ಬರೋಕೆ ಮನಸ್ಸಾಗಲ್ಲ.

ಮೊದಮೊದಲು ಸುಸ್ತಿಗೆ ಅಂದುಕೊಂಡೆ. ಹೋದ ವಾರ ಲೇಔಟಿನ ಹುಡುಗ ಕಾಗದಗಳ ನಕಲು ತಂದುಕೊಟ್ಟ. ಭೂ ಪರಿವರ್ತನೆ ಆದೇಶ, ನಕ್ಷೆ, ಪಂಚಾಯ್ತಿಯ ಇ-ಸ್ವತ್ತು. ಅಧಿಕೃತ ಸೈಟಿನ ಖಾತೆ ಇರಬೇಕು, ಅನಧಿಕೃತಕ್ಕೆ ಕೊಡೋ 11ಬಿ ಆದರೆ ಮುಟ್ಟಬೇಡ ಅಂತ ನೀನು ಹೇಳಿದ್ದು ನೆನಪಿತ್ತು. ಅಧಿಕೃತ ಖಾತೆಯೇ ಇತ್ತು. ಅದರಲ್ಲಿ ಮಾಲೀಕರ ಹೆಸರಿನ ಜಾಗ ನೋಡ್ತಾ ನಿಂತುಬಿಟ್ಟೆ. ಅಲ್ಲಿ ನನ್ನ ಹೆಸರು ಬಂದರೆ ಹೇಗಿರುತ್ತೆ ಅಂತ ಮನಸ್ಸಿನಲ್ಲೇ ಬರೆದು ನೋಡಿದೆ. ಮೈ ಜುಮ್ ಅಂತು. ಆ ಹುಡುಗ ಏನಾಯ್ತು ಸಾರ್ ಅಂದ.

ಮಗಳ ನಾಮಕರಣದ ದಿನ ಪಂಕ್ತಿಯಲ್ಲಿ ಎಲ್ಲರ ಮುಂದೆ ನನ್ನ ಹೆಗಲು ಹಿಡಿದು ನೀನು ಹೇಳಿದ್ದೆ, "ನಾವೆಲ್ಲ ಮಾರಿಕೊಂಡು ಹೋದ್ವಿ, ಇವನೊಬ್ಬ ಮಣ್ಣು ಬಿಡಲಿಲ್ಲ" ಅಂತ. ನಾನು ಸುಮ್ಮನೆ ನಕ್ಕೆ. ಅವತ್ತಿನಿಂದ ಎಷ್ಟು ಜನ ಅದೇ ಮಾತು ಹೇಳಿದರು! ಪ್ರತಿ ಸಲವೂ ನಾನು ನಕ್ಕು ಒಪ್ಪಿಕೊಂಡೆ. ಗೊಜ್ಜು, ಆ ಮಣ್ಣು ಮಾರೋಕೆ ಬರಲ್ಲ ಕಣೋ. ಅದು ನಮ್ಮದು ಅಂತ ಒಂದು ಕಾಗದವೂ ಇಲ್ಲ. ಮನೆ, ಎರಡೂವರೆ ಎಕರೆ ಗದ್ದೆ, ಹಿಂದಿನ ತೋಟ, ಪಹಣಿಯಲ್ಲಿ ಇವತ್ತಿಗೂ ಎಲ್ಲವೂ ಅರಣ್ಯ. ಮಾರೋಕೂ ಆಗಲ್ಲ, ಅಡ ಇಡೋಕೂ ಆಗಲ್ಲ. ಹಂಚು ಬದಲಾಯಿಸೋಕೆ ಸಾಲ ಕೇಳಲು ಹೋದಾಗ ಬ್ಯಾಂಕಿನಲ್ಲಿ ಕೇಳಿದ ಮೊದಲ ಪ್ರಶ್ನೆಗೇ ನಾನು ಎದ್ದು ಬಂದೆ. ಮಣ್ಣು ಬಿಡದವನು ಅಂತ ನೀವು ಹೊಗಳಿದ್ದು ನನಗೆ ಸಲ್ಲುವಂಥದ್ದಲ್ಲ. ಹದಿಮೂರು ವರ್ಷ ಸುಮ್ಮನಿದ್ದೆ, ಇವತ್ತು ಹೇಳಿದ್ದೇನೆ.

ನಾವು ಮುಳುಗಡೆಯವರು ಅಂತ ನಿನಗೆ ಗೊತ್ತು. ಆದರೆ ಆ ಮಾತಿನ ಒಳಗೆ ಏನಿದೆ ಅಂತ ನಾವು ಯಾವತ್ತೂ ಮಾತಾಡಿಲ್ಲ ಅಲ್ವಾ? ಶರಾವತಿಗೆ ಕಟ್ಟಿದ ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗೀತು. ಅದಕ್ಕೆ ಮುಂಚೆಯೇ ನಮ್ಮವರನ್ನು ಲಾರಿಗೆ ಹತ್ತಿಸಿ ತಂದು ಈ ಕಾಡಿನಲ್ಲಿ ಇಳಿಸಿದರು. ಅಪ್ಪನಿಗೆ ಆಗ ಐದು ವರ್ಷ. ಲಾರಿಯಲ್ಲಿ ಬೀಸೋ ಕಲ್ಲಿನ ಮೇಲೆ ಕೂತು ಬಂದದ್ದು ಅವನಿಗೆ ನೆನಪಿದೆ. ಇಳಿದ ಜಾಗದಲ್ಲಿ ಮರ ಬಿಟ್ಟು ಬೇರೇನೂ ಇರಲಿಲ್ಲ. ತಾತ ಹಳು ಕಡಿದು, ಬೇರು ಕಿತ್ತು, ಗದ್ದೆ ಮಾಡಿದ. 1974ರಲ್ಲಿ ನಮ್ಮ ಪಕ್ಕದ ಕಾಡು ಶೆಟ್ಟಿಹಳ್ಳಿ ಅಭಯಾರಣ್ಯ ಆಯಿತು. ಹಕ್ಕುಪತ್ರ ಇವತ್ತು ಬರುತ್ತೆ, ನಾಳೆ ಬರುತ್ತೆ ಅಂತ ಕಾಯ್ತಾ ತಾತ ಹೋದ.

2006ರ ಅರಣ್ಯ ಹಕ್ಕು ಕಾಯ್ದೆ ಜಾರಿಗೆ ಬಂದಾಗ ಅಪ್ಪ ಹೊಸ ಪಂಚೆ ಉಟ್ಟು ಅರ್ಜಿ ಕೊಡೋಕೆ ಹೋಗಿದ್ದ. ಬುಡಕಟ್ಟಿನವರಲ್ಲದವರು ಮೂರು ತಲೆಮಾರು, ಅಂದರೆ 75 ವರ್ಷ, ಅಲ್ಲಿ ಇದ್ದೆವು ಅಂತ ತೋರಿಸಬೇಕು. ಲೆಕ್ಕ ಹಿಡಿಯೋದು 2005ರ ಡಿಸೆಂಬರ್ 13ರಿಂದ ಹಿಂದಕ್ಕೆ. ಅಂದರೆ 1930. ಆ ವರ್ಷ ನಮ್ಮ ಮುತ್ತಜ್ಜ ಶರಾವತಿ ದಡದಲ್ಲಿ ಭತ್ತ ಬೆಳೀತಿದ್ದ. ಅವನು ಇದ್ದದ್ದಕ್ಕೆ ಸಾಕ್ಷಿ ನೀರಿನ ಅಡಿಗಿದೆ. ಅದನ್ನು ಮುಳುಗಿಸಿದ ಮೇಲೆ ಇಲ್ಲಿ ಇದ್ದದ್ದಕ್ಕೆ ಸಾಕ್ಷಿ ಕೇಳಿದರೆ ಎಲ್ಲಿಂದ ತರೋದು ಹೇಳು? ನನಗೆ ಇದನ್ನು ಬರೆಯುವಾಗಲೂ ಕೈ ನಡುಗುತ್ತೆ. ಆ ನೀರಿನಿಂದ 1,035 ಮೆಗಾವ್ಯಾಟಿನ ವಿದ್ಯುದಾಗಾರ ನಡೀತು, ರಾಜ್ಯಕ್ಕೆಲ್ಲ ಬೆಳಕಾಯ್ತು. ನಮ್ಮ ಮನೆಗೆ ಕರೆಂಟು ಬಂದಾಗ ನಾನು ಎಸ್ಸೆಸ್ಸೆಲ್ಸಿ. ಈ ಲೇಔಟಿನಲ್ಲಿ ಜನ ಬರೋಕೆ ಮುಂಚೆಯೇ ಬೀದಿದೀಪ ಬಂದಿದೆ. ಖಾಲಿ ರಸ್ತೆಯ ಮೇಲೆ ಇಡೀ ರಾತ್ರಿ ಉರಿಯುತ್ತೆ.

ಅಪ್ಪ ಈಗಲೂ ಮಳೆಗಾಲದಲ್ಲಿ ಪೇಪರು ಸಿಕ್ಕಿದರೆ ಮೊದಲು ನೋಡೋದು ಲಿಂಗನಮಕ್ಕಿಯ ನೀರಿನ ಮಟ್ಟ. ಗರಿಷ್ಠ 1819 ಅಡಿ. ಇವತ್ತು ಎಷ್ಟು ಬಂತು ಅಂತ ಗಟ್ಟಿಯಾಗಿ ಓದ್ತಾನೆ. 2025ರ ಜುಲೈನಲ್ಲಿ ಶರಾವತಿ ಹಿನ್ನೀರಿನ ಸಿಗಂದೂರು ಸೇತುವೆ ತೆರೆದ ಮೇಲೆ ಕರೆದುಕೊಂಡು ಹೋಗಿದ್ದೆ. ಎರಡು ಕಿಲೋಮೀಟರಿಗೂ ಉದ್ದದ ಸೇತುವೆ ಅದು. ನಡುವೆ ಒಂದು ಕಡೆ ನಿಂತು ಅಪ್ಪ ನೀರಿನ ಕಡೆ ಕೈ ತೋರಿಸಿದ. "ಆ ಕಡೆ, ಆ ಗುಡ್ಡದ ಬುಡ" ಅಂದ. ಅಷ್ಟೇ. ವಾಪಸ್ ಬರೋವಾಗ ಬೈಕಿನ ಹಿಂದೆ ಕೂತು ನನ್ನ ಭುಜ ಗಟ್ಟಿಯಾಗಿ ಹಿಡಿದಿದ್ದ.

ನಾನು ಸೈಟಿನ ವಿಷಯ ತೆಗೆದಾಗ ಅಪ್ಪ ಕೂಗಾಡಲಿಲ್ಲ. "ನೀನು ಹೋಗು, ಮಗುಗೆ ಒಳ್ಳೇದು. ನಾವು ಬರಲ್ಲ. ಒಲೆಯ ಹೊಗೆನೇ ನಮ್ಮ ಪಹಣಿ" ಅಂದ. ಅವನು ಹೇಳೋದು ಸರಿ. ಮನೆ ಖಾಲಿ ಬಿದ್ದರೆ ಮೊದಲು ಹೋಗೋದು ಹಂಚು, ಆಮೇಲೆ ಹಕ್ಕು. ಅರವತ್ತು ವರ್ಷ ಕೂತು ಕಾಯ್ದ ಜಾಗ. ನಾನು ಹೋದರೆ ಅಪ್ಪ ಅಮ್ಮ ಇಬ್ಬರೇ ಆ ಹೊಗೆ ಎಬ್ಬಿಸಬೇಕು. ಅವರ ನಂತರ ಯಾರು? ರಾತ್ರಿ ನಿದ್ದೆ ಕೆಡಿಸೋದು ಇದು. ನಮ್ಮ ಮನೆಯಲ್ಲಿ ತಾನಾಗಿ ಊರು ಬಿಟ್ಟವರು ಯಾರೂ ಇಲ್ಲ ಗೊಜ್ಜು. ಹೊರಗಿನವರು ಎಬ್ಬಿಸಿದ್ದಾರೆ, ಅಷ್ಟೇ. ನಾನೇ ಮೊದಲನೆಯವನಾಗ್ತೇನೆ.

ಅಮ್ಮನ ಕಥೆ ಬೇರೆ. ಅವಳು ಕಣ್ಣಿಗೆ ಕಾಣೋ ಹಾಗೆ ಖುಷಿಯಾದಳು. ನಲ್ಲಿ ತಿರುಗಿಸಿದರೆ ನೀರು, ಹತ್ತಿರದಲ್ಲಿ ಆಸ್ಪತ್ರೆ. ಎರಡು ದಿನ ಅದನ್ನೇ ಕೇಳಿದಳು. ಮೂರನೇ ದಿನ ಅಕ್ಕಿ ಆರಿಸ್ತಾ, "ಅಲ್ಲಿ ಚರಗ ಎಲ್ಲಿ ಚೆಲ್ಲೋದು?" ಅಂದಳು. ನಿನಗೆ ನೆನಪಿದೆಯಾ, ಭೂಮಿ ಹುಣ್ಣಿಮೆಗೆ ನೀನು ನಮ್ಮ ಮನೆಯಲ್ಲಿ ಉಳಿದಿದ್ದು? ಬುಟ್ಟಿಗೆ ಕೆಮ್ಮಣ್ಣು ಬಳಿದು, ಅಮ್ಮ ಅಕ್ಕಿಹಿಟ್ಟಿನಲ್ಲಿ ಚಿತ್ತಾರ ಬರೀತಾ ಕೂತಿದ್ದಳು. ನೀನು ಅವಳ ಪಕ್ಕದಲ್ಲೇ ನಿದ್ದೆ ಹೋದೆ. ರಾತ್ರಿಯೆಲ್ಲ ಬೆರಕೆ ಸೊಪ್ಪು ಬೇಯ್ತಿತ್ತು. ನಸುಕಿನಲ್ಲಿ ಸೂಡಿ ಹಿಡಿದು ಗದ್ದೆಗೆ ಹೋಗಿ, ಹೊಡೆ ತುಂಬಿದ ಪೈರಿಗೆ ಬಸುರಿ ಹೆಂಗಸಿಗೆ ಬಡಿಸೋ ಹಾಗೆ ಚರಗ ಚೆಲ್ಲಿದ್ದೆವು. ನಿನ್ನ ಚಪ್ಪಲಿ ಕೆಸರಿನಲ್ಲಿ ಹೋಯ್ತು. ಆ ವಿಷಯ ಮತ್ತೆ ಎತ್ತಲ್ಲ ಅಂತ ಮಾತು ಕೊಟ್ಟಿದ್ದೆ, ಇಲ್ಲಿಗೆ ನಿಲ್ಲಿಸ್ತೇನೆ.

ಅಮ್ಮನ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಮೂವತ್ತು ನಲವತ್ತರಲ್ಲಿ ಮನೆ ಕಟ್ಟಿ ಸುತ್ತ ಬಿಟ್ಟರೆ ಉಳಿಯೋದು ಮೂರು ಅಡಿ ಮಣ್ಣು.

ಇನ್ನೊಂದಿದೆ. ಬರೆಯೋದೋ ಬೇಡವೋ ಅಂತ ಪೆನ್ನು ಕೆಳಗಿಟ್ಟು ಒಂದು ಸುತ್ತು ಅಂಗಳಕ್ಕೆ ಹೋಗಿ ಬಂದೆ. ಹೋದ ಶುಕ್ರವಾರ ನಾನು ಐವತ್ತು ಸಾವಿರ ಟೋಕನ್ ಕೊಟ್ಟಿದ್ದೇನೆ. ನಲವತ್ತೇಳಕ್ಕೆ. ಅಪ್ಪನಿಗೆ ಗೊತ್ತಿಲ್ಲ, ಇವಳಿಗೂ ಗೊತ್ತಿಲ್ಲ. ಮೊನ್ನೆ ನೀನು "ನಾವು ಎಲ್ಲಿಗೆ ಬರೋದು" ಅಂದಾಗ ಆ ರಸೀದಿ ನನ್ನ ಜೇಬಿನಲ್ಲೇ ಇತ್ತು. ನಿನ್ನ ಮೇಲೆ ಸಿಟ್ಟು ಬಂತು, ನಿಜವಾಗಿಯೂ ಬಂತು. ನೀನು ವರ್ಷಕ್ಕೆ ಎರಡು ದಿನ ಬರೋ ಊರನ್ನು ಉಳಿದ ದಿನವೆಲ್ಲ ನಾವು ನಿನಗೋಸ್ಕರ ಹಿಡಿದಿಟ್ಟುಕೊಂಡಿರಬೇಕಾ ಅನ್ನಿಸಿತು. ಅದಕ್ಕೇ ಫೋನ್ ಇಟ್ಟೆ. ಸಿಟ್ಟು ಈಗ ಇಲ್ಲ. ನೀನು ಬರೋ ಆ ಎರಡು ದಿನಕ್ಕೆ ಅಪ್ಪ ಹದಿನೈದು ದಿನ ಮುಂಚೆಯಿಂದ ತಯಾರಿ ಮಾಡ್ತಾನೆ ಅನ್ನೋದೂ ನಿನಗೆ ಗೊತ್ತಿರಲಿ.

ಆಷಾಢದಲ್ಲಿ ರಿಜಿಸ್ಟ್ರೇಷನ್ ಬೇಡ ಅಂತ ಹೇಳಿ ಶ್ರಾವಣದವರೆಗೆ ಸಮಯ ತಗೊಂಡಿದ್ದೇನೆ. ಅಷ್ಟರೊಳಗೆ ಅಪ್ಪನಿಗೆ ನಾನೇ ಹೇಳಬೇಕು. ಒಬ್ಬನೇ ಹೇಳೋಕೆ ಧೈರ್ಯ ಸಾಲ್ತಿಲ್ಲ. ಶುಕ್ರವಾರ ಸಂಜೆಯ ಜನಶತಾಬ್ದಿಗೆ ಬಾ. ಸ್ಟೇಷನ್ನಿಗೆ ನಾನು ಬರ್ತೇನೆ. ಶನಿವಾರ ಕಾಗದಗಳನ್ನು ಒಮ್ಮೆ ನೀನು ನೋಡು, ಸಂಜೆ ಆ ಕಲ್ಲಿನ ಹತ್ತಿರ ಕರೆದುಕೊಂಡು ಹೋಗ್ತೇನೆ. ಮನೆಯಲ್ಲಿ ಕಳಲೆ ನೀರಿಗೆ ಹಾಕಿಟ್ಟಿದೆ, ಕೆಸುವಿನ ಎಲೆಯಂತೂ ಹಿತ್ತಲು ತುಂಬ. ಅಪ್ಪನ ಹತ್ತಿರ ಮಾತು ಶುರು ಮಾಡೋದು ಊಟ ಆದ ಮೇಲೆ, ಮೊದಲೇ ಬೇಡ.

ಮತ್ತೆ ಒಂದು ಸಣ್ಣ ಕೆಲಸ. ನಾಲೆಯಾಚೆಯ ಗದ್ದೆಯಲ್ಲಿ ಈ ವಾರ ನಾಟಿ ನಡೀತಿದೆ. ಯಾರದ್ದೋ ಏನೋ. ಬೇರೆಯವರ ಗದ್ದೆಗೆ ನಾವು ಚರಗ ಚೆಲ್ಲಬಹುದಾ ಅಂತ ನಿನ್ನ ಅಮ್ಮನನ್ನು ಕೇಳಿಕೊಂಡು ಬಾ.

ಛತ್ರಿ ಮರೀಬೇಡ.

ಇಂತಿ ನಿನ್ನ
"ಪೋಸ್ಟ್‌ಮಾಸ್ಟರ್"