ಕುಣಿದರೂ ಹೃದಯಕ್ಕೆ ಅದು ವ್ಯಾಯಾಮವೇ

ಮಾನ್ಯ ಸಂಪಾದಕರೇ,

ಭಾನುವಾರದ ನಿಮ್ಮ ಆರೋಗ್ಯ ಪುಟದಲ್ಲಿ ಬಿರುಸಿನ ನಡಿಗೆಯ ಬಗ್ಗೆ ಬಂದ ಲೇಖನವನ್ನು ಓದಿದೆ. ಹೇಳಿದ್ದು ಬಹುಪಾಲು ಸರಿ. ಆದರೆ ಓದುವಷ್ಟು ಹೊತ್ತೂ ಮೇಷ್ಟರು ಬೆತ್ತ ಹಿಡಿದು ಎದುರಿಗೆ ನಿಂತಂತಿತ್ತು.

ನನಗೆ 63 ವರ್ಷ. ದುಡಿದಷ್ಟು ಕಾಲವೂ ಲೆಕ್ಕಪತ್ರಗಳ ಮುಂದೆ ಕುಳಿತವನು. ಎರಡು ವರ್ಷಗಳ ಹಿಂದೆ, ಮೂರನೇ ಮಹಡಿಯ ಮನೆಗೆ ಹತ್ತುವಾಗ ಎರಡನೆಯದರ ತಿರುವಿನಲ್ಲಿ ನಿಂತು ಜೇಬಿನಲ್ಲಿ ಬೀಗದ ಕೈ ಹುಡುಕುವವನಂತೆ ನಟಿಸುತ್ತಿದ್ದೆ. ಹುಡುಕುತ್ತಿದ್ದುದು ಉಸಿರನ್ನು. ವೈದ್ಯರು ಪರೀಕ್ಷಿಸಿ ರಕ್ತದೊತ್ತಡದ ಮಾತ್ರೆಯ ಜೊತೆಗೆ ನಡಿಗೆಯನ್ನೂ ಬರೆದುಕೊಟ್ಟರು. ಮಾತ್ರೆ ತಪ್ಪಲಿಲ್ಲ. ನಡಿಗೆ ಹನ್ನೊಂದನೆಯ ದಿನ ತಪ್ಪಿತು. ಮತ್ತೆ ಹಿಡಿದೆ, ಈ ಸಲ ಒಂಬತ್ತೇ ದಿನ. (ದಿನಚರಿಯಲ್ಲಿ ಬರೆದಿಟ್ಟಿದ್ದೇನೆ, ಕಸುಬಿನ ಚಾಳಿ.)

ಒಂದು ಸಂಜೆ ರೇಡಿಯೊದಲ್ಲಿ ಹಳೆಯ ಚಿತ್ರಗೀತೆಗಳು ಬರುತ್ತಿದ್ದವು. ಮನೆಯಲ್ಲಿ ಯಾರೂ ಇರಲಿಲ್ಲ. ಬಾಗಿಲು ಹಾಕಿಕೊಂಡು ಕುಣಿದೆ. ನೋಡಿದವರು ಅದನ್ನು ನೃತ್ಯ ಎನ್ನಲಾರರು. ನಾಲ್ಕನೆಯ ಹಾಡಿಗೆ ಬನಿಯನ್ ಒದ್ದೆಯಾಗಿತ್ತು. ಮರುದಿನ ಗಂಟೆ ಆರಾಗುವುದನ್ನೇ ಕಾದು ಕುಳಿತಿದ್ದೆ. ನಡಿಗೆಗಾಗಿ ಹಾಗೆ ಒಂದು ದಿನವೂ ಕಾದವನಲ್ಲ.

ವೈದ್ಯರಿಗೆ ಸಂಕೋಚದಿಂದಲೇ ಹೇಳಿದೆ. ಅವರು ನಗಲಿಲ್ಲ. ಕುಣಿಯುವಾಗ ಮಾತನಾಡಲು ಬರುವಂತಿರಬೇಕು, ಜೊತೆಗೆ ಹಾಡಲು ಆಗದಂತಿರಬೇಕು, ಅದೇ ಹದ ಎಂದರು. ಎದೆ ಹಿಡಿದರೆ ಅಥವಾ ತಲೆ ಸುತ್ತಿದರೆ ಅಲ್ಲಿಗೇ ನಿಲ್ಲಿಸಿ ತಮ್ಮಲ್ಲಿಗೆ ಬರಬೇಕೆಂದೂ ಹೇಳಿದರು. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ವಯಸ್ಕರಿಗೆ ಹೇಳುವುದು ವಾರಕ್ಕೆ 150ರಿಂದ 300 ನಿಮಿಷಗಳ ಸಾಧಾರಣ ಶ್ರಮವನ್ನು, ಇಲ್ಲವೇ ಅದರ ಅರ್ಧದಷ್ಟು ಬಿರುಸಿನ ಶ್ರಮವನ್ನು. ಅದು ನಡಿಗೆಯೇ ಆಗಬೇಕೆಂಬ ಷರತ್ತಿಲ್ಲ.

ಬೆಳಿಗ್ಗೆ ಹಾಸಿಗೆಯಲ್ಲೇ ಎಣಿಸುವ ನಾಡಿ ಆಗ 84 ಇತ್ತು, ಈಗ 71. ಮಾತ್ರೆ ಬದಲಾಗಿಲ್ಲ. ಪಳಗಿದ ಹೃದಯ ಒಂದು ಬಡಿತಕ್ಕೆ ಹೆಚ್ಚು ರಕ್ತವನ್ನು ದೂಡುತ್ತದೆ, ಹಾಗಾಗಿ ಕಡಿಮೆ ಬಡಿತ ಸಾಕು. ಇಡೀ ದಿನ ವಿಶ್ರಾಂತಿಯಲ್ಲಿದ್ದೇನೆಂದು ಹಿಡಿದರೆ ದಿನಕ್ಕೆ 18,720 ಬಡಿತಗಳ ಉಳಿತಾಯ. ಕುಣಿತಕ್ಕೆ ಖರ್ಚಾಗುವ ಸಾವಿರ ಚಿಲ್ಲರೆಯನ್ನು ಕಳೆದರೂ ಜಮೆಯ ಬದಿಯೇ ಭಾರ.

ಇನ್ನು ಲೇಖನದ ಒಂದು ತಪ್ಪು. ವ್ಯಾಯಾಮದಿಂದ ಶ್ವಾಸಕೋಶ ದೊಡ್ಡದಾಗುತ್ತದೆ ಎಂದು ಬರೆದಿದ್ದಾರೆ. ದೊಡ್ಡವರ ಶ್ವಾಸಕೋಶ ಹಾಗೆ ಬೆಳೆಯುವುದಿಲ್ಲ. ಬಲಗೊಳ್ಳುವುದು ಅದನ್ನು ಎಳೆದು ಬಿಡುವ ವಪೆ (ಎದೆಗೂ ಹೊಟ್ಟೆಗೂ ನಡುವಿನ ಸ್ನಾಯುವಿನ ಪರದೆ) ಮತ್ತು ಪಕ್ಕೆಲುಬುಗಳ ನಡುವಿನ ಸ್ನಾಯುಗಳು. ಕಾಲಿನ ಸ್ನಾಯುಗಳೂ ರಕ್ತದಲ್ಲಿನ ಆಮ್ಲಜನಕವನ್ನು ಮೊದಲಿಗಿಂತ ಚೆನ್ನಾಗಿ ಬಳಸಿಕೊಳ್ಳುತ್ತವೆ. ಆದ್ದರಿಂದಲೇ ಅದೇ ಮೆಟ್ಟಿಲುಗಳಿಗೆ ಈಗ ನನಗೆ ಅಷ್ಟು ಉಸಿರು ಬೇಡ. ಎರಡನೇ ಮಹಡಿಯಲ್ಲಿ ಬೀಗದ ಕೈಯನ್ನೂ ಹುಡುಕುವುದಿಲ್ಲ.

ಮುಂದಿನ ವಾರ ಈಜು, ಸೈಕಲ್, ಹಗ್ಗದಾಟ, ಶಟಲ್, ಕುಣಿತ ಇವುಗಳ ಬಗ್ಗೆಯೂ ದಯವಿಟ್ಟು ಬರೆಸಿ. ನಡಿಗೆಯನ್ನು ಮೂರು ಸಲ ಬಿಟ್ಟು, ತನ್ನಲ್ಲೇ ಏನೋ ಕೊರತೆಯಿದೆ ಎಂದುಕೊಂಡವರು ನಿಮ್ಮ ಓದುಗರಲ್ಲಿ ಇನ್ನೂ ಇದ್ದಾರು. ನನ್ನ ಸೊಸೆ ಒಮ್ಮೆ ಬಾಗಿಲು ತಟ್ಟದೆ ಒಳಗೆ ಬಂದು ಹಾಗೆಯೇ ಹಿಂದಕ್ಕೆ ಹೋದಳು. ಅಂದಿನಿಂದ ಚಿಲಕ ಹಾಕುತ್ತೇನೆ, ಕುಣಿತ ಬಿಟ್ಟಿಲ್ಲ.

ಇಂತಿ,
ಒಬ್ಬ ನಿವೃತ್ತ ಲೆಕ್ಕಿಗ